ಪೇಟೆಯ ಕೀರ್ದಿಯಲ್ಲಿ ದೇಶದ ಲೆಕ್ಕ ಹಿಡಿಸೀತೇ?

ಹುಬ್ಬಳ್ಳಿಯ ಅಮರಗೋಳ ಮಾರುಕಟ್ಟೆಯಲ್ಲಿ ದಲಾಲಿ ಅಂಗಡಿ ನಡೆಸುವ ಹಿರಿಯ ಓದುಗರೊಬ್ಬರು ದೀರ್ಘವಾದ ಪತ್ರ ಬರೆದಿದ್ದಾರೆ. ಅದರ ಸಾರ ಇಷ್ಟು: "ಗದಗ ಜಿಲ್ಲೆಗೆ ಬರಬೇಕಿದ್ದ ಉಕ್ಕಿನ ಕಾರ್ಖಾನೆ ರಾಜಕೀಯದ ದೆಸೆಯಿಂದ ತಪ್ಪಿಹೋಯಿತು. ರಾಜಕಾರಣಿಗಳು ಮಂದಿಯ ದುಡ್ಡಿನಿಂದ ಮತ ಕೊಳ್ಳುತ್ತಾರೆ. ವ್ಯಾಪಾರಸ್ಥ ತನ್ನ ಲಾಭ-ಲುಕ್ಸಾನಿಗೆ ತಾನೇ ಹೊಣೆಯಾಗುತ್ತಾನೆ. ಹಾಗಿದ್ದ ಮೇಲೆ ದೇಶಕ್ಕೆ ವ್ಯಾಪಾರದ ಹಿತವೇ ಏಕೆ ದಾರಿ ತೋರಿಸಬಾರದು? ನಾವು ವರ್ತಕರು ಬರಿ ಕರ ಕಟ್ಟಿ ಸುಮ್ಮನಿರಬೇಕೇ?"

ಮಾನ್ಯರೇ,

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಅದರಲ್ಲಿ ಸಿಟ್ಟಿದ್ದರೂ ಸ್ವಾರ್ಥ ಕಾಣಲಿಲ್ಲ. ಆದ್ದರಿಂದಲೇ ಪೂರ್ಣವಾಗಿ ಉತ್ತರಿಸಬೇಕೆನಿಸಿತು. ತನ್ನ ಗಂಟು ಕರಗುವ ಭಯವಿದ್ದವನು ನೋಡಿ ಖರ್ಚು ಮಾಡುತ್ತಾನೆ ಎಂಬ ನಿಮ್ಮ ಮಾತು ನಿಜ. ಸಂಜೆ ಶಿಲ್ಕು, ಅಂದರೆ ಕೈಯಲ್ಲುಳಿದ ನಗದು, ತಾಳೆಯಾಗುವ ತನಕ ದಿನದ ಲೆಕ್ಕದ ಪುಸ್ತಕವಾದ ಕೀರ್ದಿಯನ್ನು ಮುಚ್ಚದ ಶಿಸ್ತು ಸರಕಾರಿ ಕಚೇರಿಗಳಿಗೂ ಬರಲೆಂದು ನಾನೂ ಬಯಸುತ್ತೇನೆ. ಆದರೆ ಲೆಕ್ಕ ಇಡುವ ಶಿಸ್ತು ಬೇರೆ, ಯಾರನ್ನು ಲೆಕ್ಕಕ್ಕೆ ಹಿಡಿಯಬೇಕೆಂಬ ತೀರ್ಮಾನ ಬೇರೆ. ನನ್ನ ತಕರಾರು ಇರುವುದು ಎರಡನೆಯದರಲ್ಲಿ.

ವ್ಯಾಪಾರದ ಹಿತವೇ ಮುಂದಾಗಿ ಆಳಿದ ಕಾಲವನ್ನು ನಮ್ಮ ಸೀಮೆ ಕಂಡಿದೆ. 1818ರಲ್ಲಿ ಪೇಶ್ವೆಯರ ಆಳ್ವಿಕೆ ಮುಗಿದಾಗ ಧಾರವಾಡ ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿತು. 1765ರಲ್ಲಿ ಬಂಗಾಳದ ಕಂದಾಯದ ಹಕ್ಕು ಪಡೆದು, 1770ರ ಘೋರ ಕ್ಷಾಮದ ನಡುವೆಯೂ ವಸೂಲಿ ನಿಲ್ಲಿಸದ ಕಂಪನಿ ಅದು. 1858ರಲ್ಲಿ ಆಡಳಿತ ರಾಣಿಯ ಸರಕಾರಕ್ಕೆ ಹೋಯಿತಾದರೂ ಧಾನ್ಯದ ವ್ಯಾಪಾರಕ್ಕೆ ಅಡ್ಡ ಬರಬಾರದೆಂಬ ನೀತಿ ಉಳಿಯಿತು. 1876ರಿಂದ 1878ರ ವರೆಗಿನ ಬರದಲ್ಲಿ ಧಾರವಾಡ, ವಿಜಯಪುರ, ಬಳ್ಳಾರಿ ಸೀಮೆಯ ಜನ ಹಸಿವಿನಿಂದ ಸಾಯುತ್ತಿದ್ದಾಗ ಈ ದೇಶದ ಧಾನ್ಯ ಹಡಗು ಏರುತ್ತಲೇ ಇತ್ತು. ವೈಸರಾಯ್ ಲಿಟ್ಟನ್ನರ ಸರಕಾರ ಅದನ್ನು ತಡೆಯಲಿಲ್ಲ. ಬೊಕ್ಕಸಕ್ಕೆ ಭಾರವಾಗುತ್ತದೆಂದು ಪರಿಹಾರ ಕಾಮಗಾರಿಯ ಕೂಲಿಯನ್ನು ದಿನಕ್ಕೆ ಒಂದು ಪೌಂಡು ಧಾನ್ಯ ಹಾಗೂ ಪುಡಿಗಾಸಿನ ಮಟ್ಟಕ್ಕೆ ಇಳಿಸಿದರು. ಧಾನ್ಯ ಸಾಗಿಸಿದ ವರ್ತಕ ಯಾವ ಕಾನೂನನ್ನೂ ಮುರಿಯಲಿಲ್ಲ. ದರ ಎಲ್ಲಿದೆಯೋ ಅಲ್ಲಿಗೆ ಮಾಲು ಹೋಗುತ್ತದೆ. ಕೈಯಲ್ಲಿ ದುಡ್ಡಿಲ್ಲದವನ ಹಸಿವಿಗೆ ಪೇಟೆಯಲ್ಲಿ ದರವೇ ಇಲ್ಲ. ಆ ಹಸಿವನ್ನು ಲೆಕ್ಕಕ್ಕೆ ಹಿಡಿಯಬೇಕಾದವರು ಆಳುವವರು, ಮತ್ತು ಅವರು ಅಂದು ಅಂಗಡಿಕಾರರಂತೆ ಯೋಚಿಸಿದರು.

ನೀವು ಕೂತಿರುವ ಮಾರುಕಟ್ಟೆಯನ್ನೇ ನೋಡಿ. ಟವೆಲ್ಲಿನ ಅಡಿಯಲ್ಲಿ ಬೆರಳು ಹಿಡಿದು ದರ ಕುದುರಿಸುತ್ತಿದ್ದ ಕಾಲದಲ್ಲಿ, ತನ್ನ ಮಾಲು ಎಷ್ಟಕ್ಕೆ ಹೋಯಿತೆಂಬುದು ಪಕ್ಕದಲ್ಲೇ ನಿಂತ ರೈತನಿಗೂ ತಿಳಿಯುತ್ತಿರಲಿಲ್ಲ. ಬಹಿರಂಗ ಹರಾಜು, ಪರೀಕ್ಷಿಸಿದ ತೂಕ, ಗೊತ್ತುಪಡಿಸಿದ ದಲಾಲಿ ಇವೆಲ್ಲ ಬಂದದ್ದು ಕಾನೂನಿನಿಂದ. ಆಗ ನಾವಿದ್ದ ಮುಂಬಯಿ ಪ್ರಾಂತದಲ್ಲಿ 1927ರ ಹತ್ತಿ ಮಾರುಕಟ್ಟೆ ಕಾಯ್ದೆಯಿಂದಲೂ 1939ರ ಕೃಷಿ ಉತ್ಪನ್ನ ಮಾರುಕಟ್ಟೆ ಕಾಯ್ದೆಯಿಂದಲೂ. ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿ ಸಹಕಾರಿ ಸಂಘ ಕಟ್ಟಿದ್ದಕ್ಕೂ ಹಿಂದಿನ ವರ್ಷದ ಕಾಯ್ದೆಯ ಆಸರೆ ಇತ್ತು. ಇಂದು ದೂರದ ಖರೀದಿದಾರ ಕಣ್ಣಾರೆ ಕಾಣದ ಮಾಲಿಗೂ ದರ ಹೇಳುತ್ತಾನಾದರೆ, ಆ ನಂಬಿಕೆಯ ಅರ್ಧ ನಿಮ್ಮ ಮನೆತನದ ಹೆಸರಿನದು, ಉಳಿದರ್ಧ ಕಾನೂನಿನದು.

ಸರಕಾರವೇ ಅನ್ಯಾಯ ಮಾಡಿದರೆ ಎಂದು ನೀವು ಕೇಳಬಹುದು. ಮಾಡಿದೆ. 1980ರ ಜುಲೈ 21ನ್ನು ನರಗುಂದ, ನವಲಗುಂದದ ಜನ ಇಂದಿಗೂ ಮರೆತಿಲ್ಲ. ಮಲಪ್ರಭೆಯ ಕಾಲುವೆಯಿಂದ ಹೊಲಗಳ ಬೆಲೆ ಏರಿದೆ, ಆದ್ದರಿಂದ ಅಭಿವೃದ್ಧಿ ಕರ ಕಟ್ಟಿರಿ ಎಂದು ಸರಕಾರ ಪಟ್ಟು ಹಿಡಿಯಿತು; ನೀರು ಸರಿಯಾಗಿ ತಲುಪದ ಹೊಲದವರಿಗೂ ನೋಟಿಸು ಹೋಯಿತು. ಗೋಲಿಬಾರು ನಡೆಯಿತು, ರೈತರೂ ಪೊಲೀಸರೂ ಜೀವ ಕಳೆದುಕೊಂಡರು. ಈ ಪ್ರಸಂಗವನ್ನು ನಾನು ಬಹಳ ಸಲ ಯೋಚಿಸಿದ್ದೇನೆ, ಮತ್ತು ಪ್ರತಿ ಸಲವೂ ಒಂದೇ ವಿಷಯ ಕಣ್ಣಿಗೆ ಬೀಳುತ್ತದೆ: ಹಾಕಿದ ಬಂಡವಾಳ ತಿರುಗಿ ಬರಬೇಕೆಂಬ ಆ ಕರದ ತರ್ಕ ಪೂರಾ ಸಾಹುಕಾರನ ತರ್ಕ. ಸರಕಾರ ಸಾಲಗಾರರ ಮನೆ ಬಾಗಿಲಿಗೆ ಬಂದ ಸಾಹುಕಾರನಂತೆ ನಿಂತಿತೇ ಹೊರತು ರೈತರ ಅಹವಾಲು ಕೇಳಲಿಲ್ಲ. ಆದರೂ ಅಲ್ಲೊಂದು ದಾರಿ ಉಳಿದಿತ್ತು. ಮೂರು ವರ್ಷ ತುಂಬುವ ಮೊದಲೇ, 1983ರ ಚುನಾವಣೆಯಲ್ಲಿ, ರಾಜ್ಯದ ಜನ ಅಂದು ಆಳುತ್ತಿದ್ದ ಕಾಂಗ್ರೆಸ್ ಪಕ್ಷವನ್ನು ಅಧಿಕಾರದಿಂದ ಇಳಿಸಿದರು. ಅದಕ್ಕೆ ರೈತರ ಸಿಟ್ಟೂ ಒಂದು ಕಾರಣವಾಗಿತ್ತು. ಕಂಪನಿಯಲ್ಲಿ ಶೇರು ಎಷ್ಟೋ ಅಷ್ಟು ಮತ, ಶೇರಿಲ್ಲದವನಿಗೆ ಮತವೇ ಇಲ್ಲ. ನರಗುಂದದ ಒಣಹೊಲದವನಿಗೂ ಹುಬ್ಬಳ್ಳಿಯ ಗಿರಣಿ ಮಾಲೀಕನಿಗೂ ಸರಿಸಮನಾದ ಒಂದೊಂದು ಮತ ಸಿಗುವುದು ರಾಜಕೀಯದಲ್ಲಿ ಮಾತ್ರ.

ಇನ್ನು ಉಕ್ಕಿನ ಕಾರ್ಖಾನೆಯ ಮಾತು. 2010ರಲ್ಲಿ ರಾಜ್ಯ ಸರಕಾರದೊಡನೆ ಒಪ್ಪಂದ ಮಾಡಿಕೊಂಡ ಕೊರಿಯಾದ ಪೋಸ್ಕೋ ಕಂಪನಿಗಾಗಿ ಮುಂಡರಗಿ ತಾಲೂಕಿನ ಹಳ್ಳಿಗುಡಿ ಸುತ್ತ ಮೂರು ಸಾವಿರಕ್ಕೂ ಹೆಚ್ಚು ಎಕರೆ ಸ್ವಾಧೀನಕ್ಕೆ ಹೊರಟರು. ರೈತರು ಒಪ್ಪಲಿಲ್ಲ, ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮೀಜಿ ಅವರ ಮುಂದೆ ನಿಂತರು, 2011ರಲ್ಲಿ ಸರಕಾರ ಹಿಂದೆ ಸರಿಯಿತು, 2013ರಲ್ಲಿ ಕಂಪನಿಯೂ ಯೋಜನೆ ಕೈಬಿಟ್ಟಿತು. ಇದರಿಂದ ನಷ್ಟವೇ ಆಗಲಿಲ್ಲವೆಂದು ನಾನು ಹೇಳಲಾರೆ. ಆ ಭಾಗದ ಹುಡುಗರು ಇಂದಿಗೂ ಗೋವಾಕ್ಕೆ, ಮಂಗಳೂರಿಗೆ ದುಡಿಯಲು ಹೋಗುತ್ತಾರೆ, ಮತ್ತು ಅವರ ತಾಯಂದಿರ ಎದುರು ನಿಂತು ಭೂಮಿ ಉಳಿಯಿತೆಂದು ಸಂಭ್ರಮಿಸುವುದು ಸುಲಭವಲ್ಲ. ಕಾರ್ಖಾನೆಯನ್ನು ನಿಲ್ಲಿಸಿದ ರಾಜಕೀಯ ಅವರಿಗೆ ಊರಲ್ಲೇ ದುಡಿಮೆ ಕೊಡಬೇಕಿತ್ತು, ಕೊಡಲಿಲ್ಲ. ಅಷ್ಟರ ಮಟ್ಟಿಗೆ ನಿಮ್ಮ ಸಿಟ್ಟು ನನ್ನದೂ ಹೌದು. ಆದರೆ ತಲೆಮಾರುಗಳಿಂದ ಉತ್ತ ಹೊಲ ಬಿಡಬೇಕೋ ಬೇಡವೋ ಎಂಬುದನ್ನು ಉತ್ತವರನ್ನು ಕೇಳದೆ ತೀರ್ಮಾನಿಸಬಹುದೆಂದು ನೀವೂ ಹೇಳಲಾರಿರಿ. ನಿಮ್ಮ ಅಂಗಡಿಯ ಜಾಗವನ್ನೇ ಯಾರೋ ಹಾಗೆ ಕೇಳಿದ್ದರೆ ನೀವು ಮೊದಲು ಹೋಗುತ್ತಿದ್ದದ್ದು ನಿಮ್ಮ ಶಾಸಕರ ಮನೆಗೆ.

ವರ್ತಕರು ಸುಮ್ಮನಿರಬೇಕೇ ಎಂಬ ನಿಮ್ಮ ಕೊನೆಯ ಪ್ರಶ್ನೆಗೆ ನನ್ನ ಉತ್ತರ, ಖಂಡಿತ ಬೇಡ ಎಂಬುದು. ಅಡ್ಡಾದಿಡ್ಡಿ ಖರ್ಚನ್ನು ಮೊದಲು ಗುರುತಿಸುವ ಕಣ್ಣು ನಿಮ್ಮದು. ಆ ಲೆಕ್ಕವನ್ನು ಸಭೆಯಲ್ಲಿ ಎದ್ದು ಕೇಳಿರಿ. ಎಪಿಎಂಸಿ ಆಡಳಿತ ಸಮಿತಿಯ ರಚನೆ ನಿಮಗೆ ಗೊತ್ತೇ ಇದೆ: ವರ್ತಕರ ಪ್ರತಿನಿಧಿಗೆ ಅಲ್ಲಿ ಕುರ್ಚಿ ಇದೆ, ರೈತರ ಪ್ರತಿನಿಧಿಗಳ ಸಂಖ್ಯೆ ಮಾತ್ರ ಹೆಚ್ಚು. ದೇಶದ ಮಟ್ಟಿಗೂ ನಾನು ಬಯಸುವುದು ಅಂಥದೇ ಏರ್ಪಾಡನ್ನು. ಆ ಸಂಖ್ಯೆ ತಪ್ಪೆಂದು ನಿಮಗೆ ಅನಿಸಿದರೆ, ಏಕೆಂದು ಬರೆಯಿರಿ; ಪ್ರಕಟಿಸುತ್ತೇವೆ.

— ಸಂಪಾದಕ