ಸೌತ್‌ಲ್ಯಾಂಡಿಗೆ ಬರುತ್ತಿರುವ ತಂಗಿಗೆ

ತಂಗಿ, ನೀನು ಬರೆದದ್ದನ್ನು ಎರಡು ಸಲ ಓದಿದೆ. ಗಂಡನಿಗೆ ನ್ಯೂಜಿಲೆಂಡಿನ ಸೌತ್‌ಲ್ಯಾಂಡಿನಲ್ಲಿ ಡೈರಿ ಫಾರ್ಮಿನ ಕೆಲಸ ಸಿಕ್ಕಿದೆ, ಜುಲೈನಲ್ಲಿ ಬರುತ್ತೀರಿ, ಮಗಳಿಗೆ ಆರು ವರ್ಷ. ಚಳಿ ಹೇಗೆ, ಶಾಲೆ ಹೇಗೆ, ಭಾನುವಾರ ರಜೆ ಸಿಗುತ್ತದಾ, ಏನೇನು ತರಬೇಕು ಅಂತ ಕೇಳಿದ್ದೀಯ. ಆಮೇಲೆ ಕೊನೆಯಲ್ಲಿ ಒಂದು ಸಾಲು: "ಅಕ್ಕಾ, ಕೂಗಿದರೆ ಕೇಳಿಸುವಷ್ಟು ದೂರದಲ್ಲಿ ಒಂದು ಮನೆಯೂ ಇಲ್ಲವಂತೆ. ನಮ್ಮ ಸಭೆ ಇಲ್ಲ, ನಮ್ಮ ಜನ ಇಲ್ಲ. ಅಂಥ ಕಡೆ ನಂಬಿಕೆ ಉಳಿಯುತ್ತದಾ?"

ನಾನೂ ಜುಲೈನಲ್ಲೇ ಬಂದವಳು, 2007ರಲ್ಲಿ. ಇಲ್ಲಿ ಜುಲೈ ಅಂದರೆ ಚಳಿಗಾಲ. ಇನ್ವರ್ಕಾರ್ಗಿಲ್ ವಿಮಾನ ನಿಲ್ದಾಣದಿಂದ ಫಾರ್ಮಿನ ಮನೆಗೆ 60 ಕಿ.ಮೀ. ಸಂಜೆ ಐದೂಕಾಲಿಗೇ ಸೂರ್ಯ ಮುಳುಗಿತು. ದಾರಿಯುದ್ದಕ್ಕೂ ಎಲ್ಲೋ ಒಂದೊಂದು ದೀಪ. ಮನೆ ಬಾಗಿಲು ತೆಗೆದರೆ ಒಳಗೆ ಹೊರಗಿಗಿಂತ ಚಳಿ. ಮಕ್ಕಳನ್ನು ಕಂಬಳಿಯಲ್ಲಿ ಸುತ್ತಿ ಕೂರಿಸಿ, ಸೂಟ್‌ಕೇಸ್ ಮೇಲೆ ಬೈಬಲ್ ಇಟ್ಟು ಸಂಜೆ ಪ್ರಾರ್ಥನೆ ಮಾಡಿದೆವು. ಬಾಯಿಂದ ಹೊಗೆ ಬರುತ್ತಿತ್ತು. ಹಾಗಾಗಿ ನಿನ್ನ ಕೊನೆಯ ಸಾಲು ನನಗೆ ಚೆನ್ನಾಗಿ ಅರ್ಥವಾಗುತ್ತದೆ.

ಮೊದಲು ಸಣ್ಣ ವಿಷಯಗಳನ್ನು ಮುಗಿಸುತ್ತೇನೆ. ಶಾಲೆಯ ಬಗ್ಗೆ ಚಿಂತೆ ಬೇಡ. ಹತ್ತಿರದ ಶಾಲೆ ಮನೆಯಿಂದ 3.2 ಕಿ.ಮೀ.ಗಿಂತ ದೂರವಿದ್ದರೆ ಆ ವಯಸ್ಸಿನ ಮಕ್ಕಳಿಗೆ ಸಾಮಾನ್ಯವಾಗಿ ಶಾಲಾ ಬಸ್ಸು ಇರುತ್ತದೆ, ದುಡ್ಡಿಲ್ಲ. ನಿನ್ನ ಗಂಡನ ವೀಸಾ ಎರಡು ವರ್ಷದ್ದೋ ಅದಕ್ಕಿಂತ ಜಾಸ್ತಿಯದ್ದೋ ಆಗಿದ್ದರೆ ಅವರಿಗೂ ಮಗಳಿಗೂ ಸರ್ಕಾರಿ ಆಸ್ಪತ್ರೆಯ ಸೌಲಭ್ಯ ಸಿಗುತ್ತದೆ. ತುರ್ತಿಗೆ 111. ಕಾರು ಇಲ್ಲದೆ ಇಲ್ಲಿ ಬದುಕಿಲ್ಲ, ನೀನೂ ಓಡಿಸಲು ಕಲಿತುಕೊಂಡೇ ಬಾ. ಒಂದೇ ಗಾಡಿ ಹೋಗುವ ಸೇತುವೆಗಳು ತುಂಬ ಇವೆ. ನಿನ್ನ ಕಡೆಯ ಬಾಣ ಸಣ್ಣದಾಗಿ ಕೆಂಪಾಗಿದ್ದರೆ ನಿಲ್ಲು, ಎದುರಿನವರು ಬರಲಿ. ಎದುರು ಬಂದವರು ಸ್ಟಿಯರಿಂಗ್ ಮೇಲಿಂದ ಒಂದು ಬೆರಳು ಎತ್ತುತ್ತಾರೆ. ಅದು ನಮಸ್ಕಾರ. ನೀನೂ ಎತ್ತು. ಯಾರಾದರೂ ಊಟಕ್ಕೆ ಕರೆದು "ಒಂದು ಪ್ಲೇಟ್ ತನ್ನಿ" ಅಂದರೆ ಪ್ಲೇಟಿನಲ್ಲಿ ತಿಂಡಿ ಮಾಡಿಕೊಂಡು ಹೋಗಬೇಕು.

ಚಳಿಗೆ ಉಣ್ಣೆಯ ಬಟ್ಟೆ ಇಲ್ಲೇ ತೆಗೆದುಕೋ, ಅಲ್ಲಿಂದ ತಂದದ್ದು ಸಾಲುವುದಿಲ್ಲ. ಸೌದೆ ಮಾತ್ರ ನೆನಪಿಡು. ಚಳಿಗಾಲದಲ್ಲಿ ಸೌದೆ ಹುಡುಕಿದರೆ ಹಸಿಯದೇ ಸಿಗುವುದು. ಬೇಸಿಗೆಯಲ್ಲೇ ತಂದು ಶೆಡ್ಡಿನಲ್ಲಿ ಪೇರಿಸಿಡಬೇಕು. ಈ ವರ್ಷಕ್ಕೆ ಮಾಲೀಕರನ್ನು ಗಂಡನಿಂದ ಈಗಲೇ ಕೇಳಿಸು, ಒಣ ಸೌದೆ ಎಷ್ಟಿದೆ ಅಂತ.

ಈಗ ಭಾನುವಾರದ ವಿಷಯ. ಹಸುವಿಗೆ ಭಾನುವಾರ ಗೊತ್ತಿಲ್ಲ, ತಂಗಿ. ಕೆಲಸಕ್ಕೆ ಸಹಿ ಹಾಕುವ ಮುಂಚೆ ರೋಸ್ಟರ್ ಏನು ಅಂತ ಕೇಳಿಕೊಳ್ಳಿ. ಹನ್ನೊಂದು ದಿನ ಕೆಲಸ, ಮೂರು ದಿನ ರಜೆ ಅನ್ನುವ ಕಡೆಯೂ ಇದೆ, ಐದಕ್ಕೆ ಎರಡು ಅನ್ನುವ ಕಡೆಯೂ ಇದೆ. ಈಗ ಮೇ ತಿಂಗಳು, ಇಲ್ಲಿ ಹಸುಗಳ ಹಾಲು ಬತ್ತಿಸುತ್ತಿದ್ದೇವೆ. ಜೂನ್, ಜುಲೈ ಸ್ವಲ್ಪ ಬಿಡುವು. ನೀವು ಬಂದು ಒಂದು ತಿಂಗಳಿಗೆ, ಆಗಸ್ಟ್‌ನಲ್ಲಿ, ಕರು ಹಾಕುವ ಕಾಲ ಶುರು. ನೂರಾರು ಹಸುಗಳು ಕೆಲವೇ ವಾರಗಳಲ್ಲಿ ಈಯುತ್ತವೆ. ಆಗ ಗಂಡ ಬೆಳಿಗ್ಗೆ ನಾಲ್ಕಕ್ಕೆ ಹೋದರೆ ರಾತ್ರಿಯೇ ಬರುವುದು. ನಿನ್ನನ್ನೂ ಕರುಗಳ ಶೆಡ್ಡಿಗೆ ಕರೆಯಬಹುದು. ಬಕೆಟ್‌ಗಟ್ಟಲೆ ಗಿಣ್ಣುಹಾಲು ಹೊತ್ತು, ನಿಲ್ಲಲಾರದ ಕರುವಿನ ಬಾಯಿಗೆ ಬೆರಳು ಕೊಟ್ಟು ಕುಡಿಯಲು ಕಲಿಸಬೇಕು. ನನಗೆ ಈಗಲೂ ವರ್ಷದಲ್ಲಿ ತುಂಬ ಇಷ್ಟದ ಕೆಲಸ ಅದೇ. ಒಂದು ಮಾತು ಮುಂಚೆಯೇ ಹೇಳಿಬಿಡುತ್ತೇನೆ. ಬೇಡವಾದ ಗಂಡು ಕರುಗಳು ನಾಲ್ಕು ದಿನ ತುಂಬಿದ ಮೇಲೆ ಕಸಾಯಿಖಾನೆಯ ಲಾರಿ ಹತ್ತುತ್ತವೆ. ನಾವು ಮಾಂಸ ತಿನ್ನುವವರೇ, ಅದರಲ್ಲಿ ಸುಳ್ಳೇನಿಲ್ಲ. ಆದರೂ ನನ್ನ ಬೆರಳು ಚೀಪಿದ ಕರು ಲಾರಿಯಲ್ಲಿ ನಿಂತು ನೋಡಿದಾಗ ನಾನು ಶೆಡ್ಡಿನ ಹಿಂದೆ ಹೋಗಿ ಅತ್ತೆ. ಊಟದ ಮುಂಚೆ ಸುಮ್ನೆ ಬಾಯಿಪಾಠದ ಹಾಗೆ ಹೇಳುತ್ತಿದ್ದ ಪ್ರಾರ್ಥನೆ ಆ ದಿನದಿಂದ ನನಗೆ ಬೇರೆಯಾಯಿತು. ತಟ್ಟೆಯಲ್ಲಿ ಇರುವುದು ಎಲ್ಲಿಂದ ಬಂತು ಅಂತ ಗೊತ್ತಿದ್ದು ಕೈಮುಗಿಯುತ್ತೇನೆ ಈಗ.

ಆ ಆರೇಳು ವಾರ ಚರ್ಚಿಗೆ ಹೋಗಲಾಗದಿದ್ದರೆ ಪಾಪ ಮಾಡಿದೆ ಅಂತ ಕೊರಗಬೇಡ. ಲೂಕನ ಸುವಾರ್ತೆ 13ನೇ ಅಧ್ಯಾಯ ನೋಡು. 18 ವರ್ಷ ಬೆನ್ನು ಬಾಗಿದ್ದ ಹೆಂಗಸನ್ನು ಸಬ್ಬತ್ ದಿನ ವಾಸಿ ಮಾಡಿದ್ದಕ್ಕೆ ಸಭಾಮಂದಿರದ ಅಧಿಕಾರಿ ಸಿಟ್ಟಾಗುತ್ತಾನೆ. ಯೇಸು ಕೇಳುತ್ತಾನೆ, ನಿಮ್ಮಲ್ಲಿ ಪ್ರತಿಯೊಬ್ಬನೂ ಸಬ್ಬತ್ತಿನಲ್ಲಿ ಎತ್ತನ್ನೋ ಕತ್ತೆಯನ್ನೋ ಗೋದಲಿಯಿಂದ ಬಿಚ್ಚಿ ನೀರಿಗೆ ಹಿಡಿದುಕೊಂಡು ಹೋಗುವುದಿಲ್ಲವೇ ಅಂತ. ಚಿಕ್ಕಂದಿನಿಂದ ಎಷ್ಟೋ ಸಲ ಕೇಳಿದ ಮಾತು. ಒಂದು ಭಾನುವಾರ ಬೆಳಿಗ್ಗೆ ಐದಕ್ಕೆ, ಮೊಣಕಾಲವರೆಗೆ ಕೆಸರಿನಲ್ಲಿ ನಿಂತು, ಬಾಯಾರಿದ ಹಸುಗಳ ತೊಟ್ಟಿಯ ಮೇಲಿನ ಮಂಜುಗಡ್ಡೆ ಒಡೆಯುವಾಗ ಅದು ನನ್ನನ್ನೇ ಕುರಿತು ಹೇಳಿದ ಹಾಗಾಯಿತು.

ನೀನು ಕೇಳಿದ್ದು ಇದಲ್ಲ ಅಂತ ಗೊತ್ತು. "ನಮ್ಮ ಸಭೆ ಇಲ್ಲ" ಅಂದೆ ಅಲ್ವಾ? ಅದಕ್ಕೆ ಬರುತ್ತೇನೆ. ಇದನ್ನು ಬರೆಯುವುದು ನನಗೆ ಸುಲಭವಲ್ಲ.

ನಾವು ಬಂದ ಮೂರನೇ ದಿನ ಪಕ್ಕದ ಫಾರ್ಮಿನ ಅಜ್ಜಿ ಬಂದರು. ಪಕ್ಕ ಅಂದರೆ ಎರಡು ಕಿ.ಮೀ. ಎಪ್ಪತ್ತು ದಾಟಿದವರು, ಗಂಡ ತೀರಿಹೋಗಿದ್ದರು. ಕೈಯಲ್ಲಿ ಒಂದು ಬಕೆಟ್ ತುಂಬ ಸಣ್ಣ ಸಣ್ಣ ಚಕ್ಕೆ, ಬೆಂಕಿ ಹಚ್ಚಲು. ಬೂಟು ಬಾಗಿಲಲ್ಲೇ ಬಿಟ್ಟು ಒಳಗೆ ಬಂದರು. ಒಲೆಯ ಮುಂದೆ ಮಂಡಿಯೂರಿ ಕೂತು, ಗಾಳಿ ಎಷ್ಟು ಬಿಡಬೇಕು, ದಪ್ಪ ಸೌದೆ ಯಾವಾಗ ಇಡಬೇಕು ಅಂತ ತೋರಿಸಿಕೊಟ್ಟರು. ಗೋಡೆಗೆ ಆಗಲೇ ನೇತುಹಾಕಿದ್ದ ಶಿಲುಬೆ ನೋಡಿ ಅವರ ಮುಖ ಅರಳಿತು. "ಕೂಡುರಸ್ತೆಯಲ್ಲಿ ನಮ್ಮ ಚರ್ಚಿದೆ, ಭಾನುವಾರ ಹತ್ತಕ್ಕೆ ಆರಾಧನೆ. ಬನ್ನಿ, ನಾನೇ ಕರೆದುಕೊಂಡು ಹೋಗುತ್ತೇನೆ" ಅಂದರು.

ನಾನು ಬೇಡ ಅಂದೆ. ನಯವಾಗಿಯೇ ಅಂದೆ. ಇನ್ವರ್ಕಾರ್ಗಿಲ್‌ನಲ್ಲಿ ನಮ್ಮ ದೇಶದವರ ಗುಂಪೊಂದಿದೆ, ಅಲ್ಲಿಗೆ ಹೋಗುತ್ತೇವೆ ಅಂದೆ.

ಆ ಗುಂಪಿನಲ್ಲಿ ಕನ್ನಡವೇನೂ ಇರಲಿಲ್ಲ. ಮಲಯಾಳ, ಹಿಂದಿ, ಇಂಗ್ಲಿಷ್ ಕಲಸಿ ಪ್ರಾರ್ಥನೆ. ಆದರೆ ನಮ್ಮ ಹಾಗಿನ ಮುಖಗಳಿದ್ದವು, ಆರಾಧನೆ ಮುಗಿದ ಮೇಲೆ ನಮ್ಮ ಊಟ ಇತ್ತು, ಮಕ್ಕಳಿಗೆ ಆಂಟಿ ಅಂಕಲ್ ಇದ್ದರು. ಅದು ತಪ್ಪು ಅಂತ ನಾನು ಹೇಳುವುದಿಲ್ಲ. ಆ ಮೊದಲ ವರ್ಷ ಅವರಿಲ್ಲದಿದ್ದರೆ ನಾನು ವಾಪಸ್ ಹೋಗಿಬಿಡುತ್ತಿದ್ದೆ. ತಪ್ಪಾದದ್ದು ಬೇರೆ ಕಡೆ. ಪ್ರತಿ ಭಾನುವಾರ ಒಂಬತ್ತೂವರೆಗೆ ನಮ್ಮ ಕಾರು ಆ ಕೂಡುರಸ್ತೆ ದಾಟುತ್ತಿತ್ತು. ಬಿಳಿ ಬಣ್ಣದ ಮರದ ಚರ್ಚು, ಎದುರಿಗೆ ಮ್ಯಾಕ್ರೋಕಾರ್ಪ ಮರಗಳ ಸಾಲು. ಗೇಟಿನ ಹತ್ತಿರ ಅಜ್ಜಿ ನಿಂತಿರುತ್ತಿದ್ದರು. ಕೈ ಎತ್ತುತ್ತಿದ್ದರು. ನಾನೂ ಕಿಟಕಿಯಿಂದ ಕೈ ಬೀಸುತ್ತಿದ್ದೆ. ಹೋಗುತ್ತಿದ್ದೆವು. ರಜೆ ಸಿಕ್ಕ ಭಾನುವಾರಗಳಲ್ಲೆಲ್ಲ ಹೀಗೇ, ಏಳು ವರ್ಷ.

2014ರಲ್ಲಿ ಅವರು ಮತ್ತೆ ನಮ್ಮ ಬಾಗಿಲಿಗೆ ಬಂದರು. ಚರ್ಚು ಮುಚ್ಚುತ್ತಿದ್ದಾರಂತೆ. ಹನ್ನೊಂದು ಜನ ಉಳಿದಿದ್ದರು, ಅವರಲ್ಲಿ ಚಾವಣಿ ರಿಪೇರಿ ಮಾಡಿಸುವ ಶಕ್ತಿ ಯಾರಿಗೂ ಇರಲಿಲ್ಲ. ಕೊನೆಯ ಆರಾಧನೆಗೆ ಬರುತ್ತೀರಾ ಅಂತ ಕೇಳಿದರು. ಏಳು ವರ್ಷದಲ್ಲಿ ಎರಡನೇ ಸಲ ಕೇಳಿದ್ದು.

ಹೋದೆವು. ಒಳಗೆ ಮೇಣದ ವಾಸನೆ, ಹಳೇ ಬೆಂಚುಗಳು, ಗೋಡೆಯ ಮೇಲೆ ಮೊದಲ ಮಹಾಯುದ್ಧದಲ್ಲಿ ಸತ್ತ ಈ ಭಾಗದ ಹುಡುಗರ ಹೆಸರು. ಒಂದೇ ಮನೆತನದ ಮೂರು ಹೆಸರು ಒಟ್ಟಿಗೆ ಇದ್ದವು. 1848ರಲ್ಲಿ ಸ್ಕಾಟ್ಲೆಂಡಿನ ಫ್ರೀ ಚರ್ಚಿನವರು ಡನೀಡಿನ್‌ಗೆ ಬಂದು ನೆಲೆ ನಿಂತರು. ಅವರ ಕಡೆಯವರು ಆಮೇಲೆ ದಕ್ಷಿಣಕ್ಕೂ ಹರಡಿ, ಹೋದಲ್ಲೆಲ್ಲ ಇಂಥ ಚರ್ಚು ಕಟ್ಟಿದರು. ಅವರೂ ನಮ್ಮ ಹಾಗೆ ಊರು ಬಿಟ್ಟು ಬಂದವರೇ. 23ನೇ ಕೀರ್ತನೆ ಹಾಡಿದರು. ರಾಗ ನನಗೆ ಗೊತ್ತಿತ್ತು. ಇಂಗ್ಲಿಷ್ ಪದಗಳು ಬಾಯಿಗೆ ಬರಲಿಲ್ಲ. ಮೆಲ್ಲಗೆ ಕನ್ನಡದಲ್ಲೇ ಹಾಡಿದೆ. ಯೆಹೋವನು ನನಗೆ ಕುರುಬನು, ಕೊರತೆಪಡೆನು. ಕಿಟಕಿಯ ಆಚೆ ನಿಜವಾಗಿಯೂ ಕುರಿಗಳು ಮೇಯುತ್ತಿದ್ದವು. ಹಾಡು ಮುಗಿದಾಗ ನೋಡಿದರೆ ಮುಂದಿನ ಬೆಂಚಿನಿಂದ ಅಜ್ಜಿ ತಿರುಗಿ ನನ್ನನ್ನೇ ನೋಡುತ್ತಿದ್ದರು.

ಟೀ ಕುಡಿಯುವಾಗ ನನ್ನ ಪಕ್ಕ ಬಂದು ಕೂತರು. "ನಿಮ್ಮ ಕಾರು ಹೋಗುವುದನ್ನು ನೋಡಿಯೇ ನಾನು ಒಳಗೆ ಹೋಗುತ್ತಿದ್ದೆ. ಚಳಿಗಾಲದಲ್ಲಿ ಆ ರಸ್ತೆಯಲ್ಲಿ ಕಣ್ಣಿಗೆ ಕಾಣದ ಮಂಜುಗಡ್ಡೆ ಇರುತ್ತದಲ್ಲ, ಮಕ್ಕಳನ್ನು ಕೂರಿಸಿಕೊಂಡು ಅಷ್ಟು ದೂರ ಹೋಗುತ್ತೀರಿ. ಅದಕ್ಕೆ ಪ್ರಾರ್ಥನೆಯಲ್ಲಿ ನಿಮ್ಮ ಹೆಸರು ಮೊದಲು ಹೇಳುತ್ತಿದ್ದೆವು" ಅಂದರು. ಹೇಳುತ್ತಿದ್ದೆವು ಅಂದರು, ನಾನೊಬ್ಬಳೇ ಅಲ್ಲ ಅನ್ನುವ ಹಾಗೆ. ಆ ಹನ್ನೊಂದೂ ಜನರಿಗೆ ನಮ್ಮ ನಾಲ್ಕು ಹೆಸರೂ ಗೊತ್ತಿತ್ತು. ನನಗೆ ಅಲ್ಲಿ ಗೊತ್ತಿದ್ದದ್ದು ಒಂದೇ ಹೆಸರು.

ಇಬ್ಬರು ಮೂವರು ನನ್ನ ಹೆಸರಿನಲ್ಲಿ ಎಲ್ಲಿ ಸೇರುತ್ತಾರೋ ಅಲ್ಲಿ ನಾನು ಅವರ ನಡುವೆ ಇದ್ದೇನೆ ಅನ್ನುವ ವಾಕ್ಯ ನಮಗೆ ಸಂಡೇಸ್ಕೂಲಿನಲ್ಲೇ ಬಾಯಿಗೆ ಬಂದಿತ್ತು, ನಿನಗೂ ಬಂದಿರುತ್ತದೆ. ಆ ಇಬ್ಬರು ಮೂವರು ನಮ್ಮ ಬಣ್ಣದವರು, ನಮ್ಮ ಮಾತಿನವರು ಅಂತ ನಾನು ಯಾವಾಗ ಅಂದುಕೊಂಡೆನೋ ಗೊತ್ತಿಲ್ಲ. ಅಂದುಕೊಂಡಿದ್ದೆ. ನಾಲ್ಕು ಜನ ನಾವು ಸೇರಿದ್ದರೆ ಅವರು ಹದಿನೈದು ಆಗುತ್ತಿದ್ದರು. ಅಷ್ಟರಿಂದ ಚರ್ಚು ಉಳಿಯುತ್ತಿತ್ತು ಅಂತ ಹೇಳಲಾರೆ. ನನ್ನ ಗಂಡನಿಗೆ ಚಾವಣಿ ಕೆಲಸ ಬರುತ್ತದೆ. ಅದನ್ನು ಯೋಚಿಸಿದಾಗಲೆಲ್ಲ ಹೊಟ್ಟೆ ಕಿವುಚುತ್ತದೆ.

ಆ ಕಟ್ಟಡವನ್ನು ಯಾರೋ ಕೊಂಡು ರಜೆಗೆ ಬಂದು ಇರುವ ಮನೆ ಮಾಡಿಕೊಂಡಿದ್ದಾರೆ. ಅಜ್ಜಿ ಮರುವರ್ಷ ಪಟ್ಟಣದ ವೃದ್ಧಾಶ್ರಮಕ್ಕೆ ಹೋದರು. ಎರಡು ವರ್ಷ, ಪ್ರತಿ ಗುರುವಾರ ಹೋಗಿ ಅವರಿಗೆ ಬೈಬಲ್ ಓದಿ ಹೇಳುತ್ತಿದ್ದೆ. ಕ್ರಿಸ್‌ಮಸ್ ಇಲ್ಲಿ ಕ್ರಿಸ್‌ಮಸ್ ಹಾಗೇ ಅನಿಸುವುದಿಲ್ಲ ಅಂತ ಒಂದು ದಿನ ಅವರ ಹತ್ತಿರ ಅಂದೆ. ಈ ದೇಶದಲ್ಲಿ ಪಾದ್ರಿ ಸ್ಯಾಮ್ಯುಯೆಲ್ ಮಾರ್ಸ್‌ಡೆನ್ ಮೊದಲ ಪ್ರಸಂಗ ಮಾಡಿದ್ದೇ 1814ರ ಕ್ರಿಸ್‌ಮಸ್ ದಿನ, ಉತ್ತರದ ಬೇ ಆಫ್ ಐಲ್ಯಾಂಡ್ಸ್‌ನಲ್ಲಿ, ಬೇಸಿಗೆಯಲ್ಲಿ ಅಂದರು. ಕೇಳುತ್ತಿದ್ದವರು ಹೆಚ್ಚಿನವರು ಇಲ್ಲಿನ ಮೂಲನಿವಾಸಿಗಳಾದ ಮಾವೊರಿ ಜನ. ಅವರ ನಾಯಕ ರುವಾತಾರಾ ಆ ಮಾತನ್ನು ಅವರ ಭಾಷೆಯಲ್ಲಿ ತಿಳಿಸಿದನಂತೆ. "ಅವತ್ತೂ ಯಾರಿಗೂ ಅದು ತಮ್ಮೂರಿನ ಕ್ರಿಸ್‌ಮಸ್ ಹಾಗೆ ಅನಿಸಿರಲಿಕ್ಕಿಲ್ಲ" ಅಂದು ನನ್ನ ಕೈ ಹಿಡಿದುಕೊಂಡರು. 2017ರ ಚಳಿಗಾಲದಲ್ಲಿ ತೀರಿಹೋದರು.

ಈಗ ತಿಂಗಳಿಗೆ ಒಂದು ಭಾನುವಾರ ನಮ್ಮ ಊರಿನ ಸಮುದಾಯ ಭವನದಲ್ಲಿ ಸೇರುತ್ತೇವೆ. ಆ ಹನ್ನೊಂದರಲ್ಲಿ ಉಳಿದ ನಾಲ್ವರು, ನಾವು, ಫಿಲಿಪೀನ್ಸ್‌ನಿಂದ ಬಂದ ಒಂದು ಕುಟುಂಬ. ಪಾಸ್ಟರ್ ಇಲ್ಲ. ಸರದಿಯಲ್ಲಿ ನಾವೇ ವಾಕ್ಯ ಓದಿ, ಮಾತನಾಡಿ, ಪ್ರಾರ್ಥಿಸುತ್ತೇವೆ. ನನ್ನ ಸರದಿ ಬಂದಾಗ ಕೀರ್ತನೆಯನ್ನು ಕನ್ನಡದಲ್ಲಿ ಓದು ಅಂತ ಅವರೇ ಕೇಳುತ್ತಾರೆ. ಅರ್ಥವಾಗದಿದ್ದರೂ ತಲೆ ಬಗ್ಗಿಸಿ ಕೇಳುತ್ತಾರೆ. ಮಿಕ್ಕ ಭಾನುವಾರ ಇನ್ವರ್ಕಾರ್ಗಿಲ್‌ಗೆ ಈಗಲೂ ಹೋಗುತ್ತೇವೆ.

ಹಬ್ಬಗಳ ಬಗ್ಗೆಯೂ ಹೇಳಬೇಕು. ಈಸ್ಟರ್ ಬರುವುದು ಎಲೆ ಉದುರುವ ಕಾಲಕ್ಕೆ. ಹೊತ್ತು ದಿನದಿನಕ್ಕೂ ಚಿಕ್ಕದಾಗುತ್ತಿರುತ್ತದೆ, ಹುಲ್ಲು ಬೆಳೆಯುವುದು ನಿಲ್ಲುತ್ತಿರುತ್ತದೆ, ಆಗ ಕ್ರಿಸ್ತನು ಎದ್ದಿದ್ದಾನೆ ಅಂತ ಹಾಡಬೇಕು. ಮೊದಮೊದಲು ಸರಿಹೊಂದುತ್ತಿರಲಿಲ್ಲ. ಈಗ ನನಗೆ ಹಾಗೆ ಹಾಡುವುದೇ ಇಷ್ಟ. ಕ್ರಿಸ್‌ಮಸ್ ಮಾತ್ರ ಇನ್ನೂ ಕಷ್ಟ. ಡಿಸೆಂಬರ್‌ನಲ್ಲಿ ಸೂರ್ಯ ಮುಳುಗುವುದು ರಾತ್ರಿ ಒಂಬತ್ತೂವರೆಯ ಮೇಲೆ. ಜಗಲಿಗೆ ನಕ್ಷತ್ರ ಕಟ್ಟಿ ದೀಪ ಹಾಕಿದರೆ ಬೆಳಕಿನಲ್ಲಿ ಕಾಣುವುದೇ ಇಲ್ಲ. ಕತ್ತಲಾಗುವ ಹೊತ್ತಿಗೆ ಮಕ್ಕಳು ಮಲಗಿರುತ್ತಿದ್ದರು. ಹಾಗಾಗಿ ನಾನು ಜೂನ್‌ನಲ್ಲೂ ಒಂದು ನಕ್ಷತ್ರ ಕಟ್ಟುತ್ತೇನೆ. ಬೆಳಿಗ್ಗೆ ಎಂಟೂವರೆಯವರೆಗೆ ಸೂರ್ಯ ಹುಟ್ಟದ ಆ ದಿನಗಳಲ್ಲಿ ಅದು ದೂರದ ರಸ್ತೆಗೂ ಕಾಣುತ್ತದೆ.

ನೀನೂ ಒಂದು ತಾ. ಬಿದಿರ ಕಡ್ಡಿಯದಾದರೆ ಇಲ್ಲಿಗೆ ಬರುವ ಮುಂಚೆ ತುಂಬುವ ಘೋಷಣೆಯ ಫಾರಂನಲ್ಲಿ ಬರೆದು ತೋರಿಸು. ಮರದ್ದು, ಬೀಜ, ಜೇನು, ಊಟದ ಸಾಮಾನು, ಮಣ್ಣು ಮೆತ್ತಿದ ಚಪ್ಪಲಿ, ಯಾವುದನ್ನೂ ಮುಚ್ಚಿಡಬೇಡ. ಹೇಳದೆ ತಂದರೆ 400 ಡಾಲರ್ ದಂಡ. ಕನ್ನಡ ಬೈಬಲ್, ಹಾಡಿನ ಪುಸ್ತಕ ಕೈಚೀಲದಲ್ಲೇ ಇರಲಿ.

ನೀನು ಹೇಳಿದ ಫಾರ್ಮು ನಮ್ಮಲ್ಲಿಂದ 40 ಕಿ.ಮೀ. ನೀವು ಬಂದ ಮೂರನೇ ದಿನ ನಾನು ಬರುತ್ತೇನೆ. ಒಂದು ಬಕೆಟ್ ಚಕ್ಕೆ ತರುತ್ತೇನೆ, ಒಲೆ ಹಚ್ಚುವುದು ತೋರಿಸುತ್ತೇನೆ. ಆದರೆ ಮೊದಲ ಭಾನುವಾರ ನಮ್ಮ ಹತ್ತಿರ ಬರಬೇಡ. ನಿಮ್ಮ ರಸ್ತೆಯ ತುದಿಯಲ್ಲಿ ಒಂದು ಸಣ್ಣ ಚರ್ಚಿದೆ, ಹಸಿರು ತಗಡಿನ ಚಾವಣಿ. ಇನ್ನೂ ತೆರೆದಿದೆ, ಹೋದ ವಾರ ಅದರ ಮುಂದೆ ಹೋಗುವಾಗ ನೋಡಿದೆ. ಬಾಗಿಲಲ್ಲಿ ಮೂರು ಜೊತೆ ಬೂಟು ಇತ್ತು.