ವೃತ್ತಿಪರರ ಟಾಪ್ ಹ್ಯಾಂಡಲ್ ಚೈನ್ ಸಾಗೆ ಎರಡು ಪಟ್ಟು ಬೆಲೆ ಕೊಡುವುದು ಸಾರ್ಥಕವೇ?

ಟಾಪ್ ಹ್ಯಾಂಡಲ್ ಚೈನ್ ಸಾ ಎಂದರೆ ಮರದ ಮೇಲೆ ಬಳಸಲೆಂದು ಹಿಡಿಕೆಯನ್ನು ಮೇಲ್ಗಡೆ ಇಟ್ಟ ಯಂತ್ರಗರಗಸ. ಅಗ್ಗದ್ದು, ವೃತ್ತಿಪರರದು ಎರಡೂ 35 ಸಿಸಿ ಆಸುಪಾಸಿನವು, ಚೈನ್ ಸುತ್ತುವ ಪಟ್ಟಿಯಾದ ಬಾರ್‌ನ ಉದ್ದವೂ ಒಂದೇ, ತೂಕ ನೋಡಿದರೆ ಅಗ್ಗದ್ದೇ ತುಸು ಹಗುರ. ಹಾಗಿರುವಾಗ ಎರಡು ಪಟ್ಟು ಹಣ ಯಾವ ಪುರುಷಾರ್ಥಕ್ಕೆ ಎಂದು ಕೇಳಿದ್ದೀರಿ. ಹಗ್ಗದ ಮೇಲೆ ಮರ ಹತ್ತುವ ತರಬೇತಿ ಮುಗಿಸಿ, ಬಿಡುವಿನ ದಿನಗಳಲ್ಲಿ ಕೊಂಬೆ ಸವರುವ ಕೆಲಸ ಹಿಡಿಯಲು ಹೊರಟಿರುವ ನೀವು ಹಾಕಿರುವ ಲೆಕ್ಕವನ್ನೇ ನಾನೂ ಒಂದು ಕಾಲದಲ್ಲಿ ಹಾಕಿದ್ದೆ. ಅಗ್ಗದ್ದನ್ನೇ ಕೊಂಡೆ, ಉಳಿದ ಬಾಕಿಯನ್ನು ಎಡಗೈಯ ಮಣಿಕಟ್ಟಿನಿಂದ ತೀರಿಸಿದೆ. ಆದರೂ ದುಬಾರಿಯದನ್ನೇ ಕೊಳ್ಳಿ ಎಂದು ಒಂದೇ ಮಾತಿನಲ್ಲಿ ಹೇಳಲು ನನಗೆ ಮನಸ್ಸಿಲ್ಲ, ಏಕೆಂದರೆ ನನ್ನ ಕೈ ಮುರಿದದ್ದು ಬೆಲೆಯಿಂದಲ್ಲ, ಒಂದು ಸಣ್ಣ ಸ್ಕ್ರೂವಿನಿಂದ.

ನಾನು ಕೊಂಡ ಗರಗಸ ನೆಲದ ಮೇಲೆ ಅಪ್ಪಟ ಸಜ್ಜನನಾಗಿತ್ತು. ಎರಡು ಎಳೆತಕ್ಕೆ ಸ್ಟಾರ್ಟ್ ಆಗುತ್ತಿತ್ತು, ದಪ್ಪ ದಿಮ್ಮಿಯನ್ನೂ ತಿಣುಕದೆ ಕೊಯ್ಯುತ್ತಿತ್ತು, ಅಂಗಡಿಯಲ್ಲಿ ಯಾರು ಪರೀಕ್ಷಿಸಿದ್ದರೂ ತಲೆದೂಗುತ್ತಿದ್ದರು. ಆದರೆ ಮರದ ಮೇಲೆ ಗರಗಸದ ದಿನಚರಿಯೇ ಬೇರೆ. ಅಲ್ಲಿ ಕೊಯ್ಯುವುದು ಕೆಲವೇ ಸೆಕೆಂಡು. ಆಮೇಲೆ ನಾವು ಲ್ಯಾನ್‌ಯಾರ್ಡನ್ನು, ಅಂದರೆ ಸೊಂಟದಿಂದ ಮರಕ್ಕೆ ಸುತ್ತಿ ಮೈಯನ್ನು ಆನಿಸುವ ಗಿಡ್ಡ ಹಗ್ಗವನ್ನು ಬಿಚ್ಚಿ, ಇನ್ನೊಂದು ಕವಲಿಗೆ ಹಾಕಿ, ಕೆಳಗಿರುವವರಿಗೆ ಕೂಗಿ ಹೇಳಿ, ಮುಂದಿನ ಜಾಗದಲ್ಲಿ ಕಾಲೂರಿ ನಿಲ್ಲುವ ತನಕ ಅದು ಮೈಗೆ ಬಿಗಿದ ಹಾರ್ನೆಸ್ಸಿನ ಪಟ್ಟಿಯಲ್ಲಿ ಮೂತಿ ಕೆಳಗಾಗಿ ನೇತಾಡುತ್ತ ಕಾಯಬೇಕು. ಅಷ್ಟು ಕಾದ ಮೇಲೆ, ಕೈಗೆತ್ತಿಕೊಂಡು ಅಡ್ಡ ಹಿಡಿದ ಕ್ಷಣವೇ ಮರುಮಾತಿಲ್ಲದೆ ಕೆಲಸಕ್ಕೆ ನಿಲ್ಲಬೇಕು. ನನ್ನದು ಕೈಕೊಡುತ್ತಿದ್ದುದು ಇಲ್ಲಿಯೇ. ಐಡ್ಲಿಂಗ್‌ನಲ್ಲಿ, ಅಂದರೆ ಥ್ರಾಟಲ್ ಒತ್ತದೆ ಎಂಜಿನ್ ಸುಮ್ಮನೆ ಓಡುತ್ತಿರುವಂತೆ ನೇತುಹಾಕಿದ್ದನ್ನು ಎತ್ತಿ ತಿರುಗಿಸಿದೊಡನೆ ಒಮ್ಮೆ ಕೆಮ್ಮಿ ನಿಂತುಹೋಗುತ್ತಿತ್ತು, ಬಿಸಿಯಾಗಿರುವಾಗ ನಿಂತರೆ ಮತ್ತೆ ಹತ್ತಿಕೊಳ್ಳಲು ಮೊಂಡುತನ ಮಾಡುತ್ತಿತ್ತು. ಒರಟು ಕವಲಿನಲ್ಲಿ ಒಂದೇ ಪಾದ ಊರಿ ನಿಂತು, ಸ್ಟಾರ್ಟರ್ ಹಗ್ಗವನ್ನು ಮತ್ತೆ ಮತ್ತೆ ಜಗ್ಗುವುದೆಂದರೆ ಭುಜ ಸೋಲುವುದಷ್ಟೇ ಅಲ್ಲ, ಪ್ರತಿ ಜಗ್ಗಿಗೂ ಮೈಯ ಸಮತೋಲ ತಪ್ಪುತ್ತದೆ.

ಇಲ್ಲಿ ಗಾಳಿಗೆ ಇಂಧನ ಬೆರೆಸುವ ಕಾರ್ಬ್ಯುರೇಟರಿನ ವಿಷಯವನ್ನು ತುಸು ಉದ್ದವಾಗಿಯೇ ಹೇಳುತ್ತೇನೆ, ಬೇಸರಿಸಬೇಡಿ, ನನ್ನ ತಪ್ಪು ಅಡಗಿರುವುದು ಅದರಲ್ಲಿಯೇ. ಸಾಮಾನ್ಯವಾಗಿ ಅದಕ್ಕೆ ಮೂರು ಸ್ಕ್ರೂಗಳಿರುತ್ತವೆ. ಎಲ್ ಎಂಬ ಗುರುತಿನದು ಕಡಿಮೆ ವೇಗದಲ್ಲಿಯೂ ಎಚ್ ಎಂಬುದು ಪೂರ್ತಿ ವೇಗದಲ್ಲಿಯೂ ಗಾಳಿಗೆ ಎಷ್ಟು ಇಂಧನ ಬೆರೆಯಬೇಕೆಂಬುದನ್ನು ನಿರ್ಧರಿಸುತ್ತವೆ. ಎಲ್‌ಎ ಅಥವಾ ಟಿ ಎಂದು ಗುರುತಿಸಿರುವ ಮೂರನೆಯದು ಮಿಶ್ರಣದ ಗೋಜಿಗೇ ಹೋಗುವುದಿಲ್ಲ; ಥ್ರಾಟಲ್ಲಿನ ಕವಾಟವನ್ನು ಕೂದಲೆಳೆಯಷ್ಟು ತೆರೆದಿಟ್ಟು ಐಡ್ಲಿಂಗ್ ವೇಗವನ್ನು ಏರಿಸುವುದಷ್ಟೇ ಅದರ ಕೆಲಸ. ಹೊಗೆ ನಿಯಂತ್ರಣದ ನಿಯಮಗಳ ಕಾರಣದಿಂದ ಮೊದಲೆರಡು ಸ್ಕ್ರೂಗಳ ಮೇಲೆ ಹೆಚ್ಚು ತಿರುಗದಂತೆ ಟೊಪ್ಪಿ ಕೂರಿಸಿರುತ್ತಾರೆ, ಇಲ್ಲವೇ ವಿಶೇಷ ಸಾಧನ ಬೇಕಾಗುವಂತೆ ಮಾಡಿರುತ್ತಾರೆ. ಮೂರನೆಯದಕ್ಕೆ ಯಾವ ಕಾವಲೂ ಇಲ್ಲ, ಮನೆಯ ಸ್ಕ್ರೂಡ್ರೈವರ್ ಸಾಕು. ಗರಗಸ ನಿಂತುಹೋಗುತ್ತಿದೆ ಎಂದೊಡನೆ ಕೈ ತಾನಾಗಿ ಹೋಗುವುದು ಅದರ ಬಳಿಗೇ; ನನ್ನ ಕೈಯೂ ಹೋಯಿತು.

ಅದಕ್ಕಿದ್ದ ನಿಜವಾದ ರೋಗವೆಂದರೆ ಕಡಿಮೆ ವೇಗದ ಮಿಶ್ರಣದಲ್ಲಿ ಇಂಧನ ಹೆಚ್ಚಾಗಿದ್ದುದು. ಒಂದೇ ಭಂಗಿಯಲ್ಲಿ ಐಡ್ಲಿಂಗ್ ಆಗುತ್ತ ನೇತಾಡುವಾಗ ಉರಿಯದೆ ಉಳಿದ ಇಂಧನ ಎಂಜಿನ್ನಿನ ಕೆಳಗಿನ ಪೆಟ್ಟಿಗೆಯಾದ ಕ್ರ್ಯಾಂಕ್‌ಕೇಸಿನಲ್ಲಿ ಜಿನುಗಿ ನಿಲ್ಲುತ್ತಿತ್ತು, ಗರಗಸವನ್ನು ಹೊರಳಿಸಿದಾಗ ಅಷ್ಟೂ ಒಂದೇ ಗುಟುಕಿನಲ್ಲಿ ಸಿಲಿಂಡರಿಗೆ ನುಗ್ಗಿ ಎಂಜಿನ್ನನ್ನು ಮುಳುಗಿಸುತ್ತಿತ್ತು. ಏರ್ ಫಿಲ್ಟರ್ ತೊಳೆದು, ಎಲ್ ಸ್ಕ್ರೂವನ್ನು ತಿಳಿದವರಿಂದ ಸರಿಪಡಿಸಿಕೊಂಡಿದ್ದರೆ ಮುಗಿಯುತ್ತಿತ್ತು. ಅದರ ಬದಲು ನಾನು ಐಡ್ಲಿಂಗ್ ಏರಿಸಿದೆ. ನಿಲ್ಲುವುದು ಕಡಿಮೆಯಾಯಿತು. ಮತ್ತೆ ನಿಂತಾಗ ಇನ್ನಷ್ಟು ಏರಿಸಿದೆ.

ಐಡ್ಲಿಂಗ್ ವೇಗ ಏರಿದರೆ ಏನಾಗುತ್ತದೆ ಎಂಬುದು ನನಗೆ ಗೊತ್ತಿರಲಿಲ್ಲವೆಂದಲ್ಲ. ಈ ಗರಗಸಗಳ ಎಂಜಿನ್ ಐಡ್ಲಿಂಗ್‌ನಲ್ಲಿ ನಿಮಿಷಕ್ಕೆ ಮೂರು ಸಾವಿರ ಸುತ್ತಿನ ಆಸುಪಾಸಿನಲ್ಲಿ ತಿರುಗುತ್ತದೆ. ಕ್ಲಚ್ಚಿನ ಬಿಲ್ಲೆಗಳು ವೇಗ ಹೆಚ್ಚಿದಂತೆ ಹೊರಕ್ಕೆ ಸರಿದು ಡ್ರಮ್ಮನ್ನು ಹಿಡಿಯುತ್ತವೆ, ಡ್ರಮ್ ಚೈನನ್ನು ತಿರುಗಿಸುತ್ತದೆ. ಐಡ್ಲಿಂಗ್ ವೇಗಕ್ಕೂ ಕ್ಲಚ್ ಹಿಡಿಯುವ ವೇಗಕ್ಕೂ ನಡುವೆ ಇರುವ ಅಂತರವೇ ಚೈನನ್ನು ನಿಲ್ಲಿಸಿಟ್ಟಿರುತ್ತದೆ. ಬ್ರೇಕ್ ಹಾಕದ ಹೊರತು ಬೇರೆ ಯಾವ ಬೀಗವೂ ಅಲ್ಲಿಲ್ಲ. ಆ ಅಂತರವನ್ನು ನಾನು ಸ್ಕ್ರೂಡ್ರೈವರಿನ ತುದಿಯಿಂದ ತಿಂದುಹಾಕಿದ್ದೆ. ಕೈಬಿಟ್ಟ ಮೇಲೂ ಚೈನ್ ಒಂದೊಂದೇ ಹಲ್ಲನ್ನು ಎಣಿಸಬಹುದಾದಷ್ಟು ನಿಧಾನವಾಗಿ ಬಾರ್‌ನ ಮೇಲೆ ತೆವಳುತ್ತಿದ್ದುದನ್ನು ಕಣ್ಣಾರೆ ಕಂಡಿದ್ದೆ. ಚೈನ್ ಬ್ರೇಕ್ ಹಾಕಿ ನೇತುಹಾಕಿದರಾಯಿತು ಎಂದುಕೊಂಡೆ. ಹಾಗೆ ಮಾಡಿದಾಗ, ನಿಂತ ಡ್ರಮ್ಮಿನೊಳಗೆ ಕ್ಲಚ್ಚಿನ ಬಿಲ್ಲೆಗಳು ಉಜ್ಜುತ್ತಲೇ ಇದ್ದು, ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಬರತೊಡಗಿತು. ಕ್ಲಚ್ ಹಾಳಾದೀತೆಂಬ ಭಯಕ್ಕೆ ಬ್ರೇಕ್ ಹಾಕುವುದನ್ನು ಬಿಟ್ಟೆ. ಮೊದಲ ಅಡ್ಡದಾರಿ ಎರಡನೆಯ ಕಾವಲನ್ನೂ ಕಿತ್ತುಹಾಕಿತ್ತು ಎಂಬುದು ಆಗ ಹೊಳೆಯಲಿಲ್ಲ.

ಕೈ ಮುರಿದ ದಿನ, ಕೊಯ್ದ ಕೊಂಬೆಯೊಂದು ಕೆಳಗಿನ ರೆಂಬೆಗೆ ಸಿಕ್ಕಿಕೊಂಡಿತ್ತು. ಗರಗಸವನ್ನು ಬಲಗಡೆ ನೇತುಹಾಕಿ, ಲ್ಯಾನ್‌ಯಾರ್ಡಿನ ಮೇಲೆ ಭಾರ ಬಿಟ್ಟು ಹೊರಚಾಚಿ, ಕೊಂಬೆಯನ್ನು ಕಾಲಿನಿಂದ ದೂಡಲು ನೋಡಿದೆ. ಮೈ ತಿರುಗಿದಾಗ ಗರಗಸವೂ ತೂಗಿ ಮುಂದಕ್ಕೆ ಬಂದು, ಬಾರ್‌ನ ತುದಿ ಸೊಂಟದ ಬಳಿ ಬಿಗಿದು ನಿಂತಿದ್ದ ಲ್ಯಾನ್‌ಯಾರ್ಡಿಗೆ ತಾಗಿತು. ಬಿಗಿದ ಹಗ್ಗಕ್ಕೆ ಹರಿತವಾದ ಹಲ್ಲು ತಾಗಿದರೆ ವೇಗವೇನೂ ಬೇಕಾಗಿಲ್ಲ. ಸದ್ದೂ ಆಗಲಿಲ್ಲ, ಒರಗಿದ್ದ ಆಧಾರ ಇದ್ದಕ್ಕಿದ್ದಂತೆ ಇಲ್ಲವಾಯಿತು. ಮೇಲಿನ ಕವಲಿಗೆ ಕಟ್ಟಿದ್ದ ಹತ್ತುವ ಹಗ್ಗ ಹಿಡಿದುಕೊಂಡದ್ದರಿಂದ ನೆಲಕ್ಕೆ ಬೀಳಲಿಲ್ಲ, ಆದರೆ ತೂಗಿ ಹೋಗಿ ಕಾಂಡಕ್ಕೆ ಅಪ್ಪಳಿಸುವಾಗ ಮುಖಕ್ಕೆ ಅಡ್ಡ ಹಿಡಿದ ಎಡಗೈ ಮುರಿಯಿತು. ಆಮೇಲೆ ನೋಡಿದರೆ ಲ್ಯಾನ್‌ಯಾರ್ಡಿನ ತುಂಡಾದ ತುದಿಯಲ್ಲಿ ಹೊರಕವಚದ ಎಳೆಗಳು ಕೆದರಿದ್ದವು, ಒಳಗಿನ ಬಿಳಿಯ ತಿರುಳಿಗೆ ಬಾರ್ ಎಣ್ಣೆಯ ಕರೆ ಮೆತ್ತಿತ್ತು. ಮರದ ಮೇಲೆ ಚೈನ್ ಸಾ ಓಡಿಸುವಾಗ ಎರಡನೆಯ ಆಧಾರ ಬೇಕೆಂದು ಮರ ಸವರುವ ಕೆಲಸದ ಸುರಕ್ಷತೆಗಾಗಿರುವ ಅಮೆರಿಕದ ಆನ್ಸಿ ಝಡ್133 ಮಾನದಂಡ ಹೇಳುವುದನ್ನು ತರಬೇತಿಯಲ್ಲಿ ಬಾಯಿಪಾಠ ಮಾಡಿದ್ದೆ. ಅದು ಯಾಕೆಂದು ತಿಳಿದದ್ದು ಅಂದು.

ಕೆಟ್ಟ ಗರಗಸ ಕೊಂಡದ್ದಕ್ಕೆ ಹೀಗಾಯಿತು ಎಂದು ಜೊತೆಯವರು ಹೇಳಿದರು. ನಾನು ಹಾಗೆ ಹೇಳಲಾರೆ. ಸ್ಕ್ರೂ ಇರುವ ಯಾವುದೇ ದುಬಾರಿ ಗರಗಸವನ್ನು ಹಾಗೆ ತಿರುಚಿದ್ದರೂ ಅದೇ ಆಗುತ್ತಿತ್ತು. ಇಳಿಯುವ ಮುನ್ನ, ಚಲಿಸುವ ಮುನ್ನ, ಕೈಬಿಡುವ ಮುನ್ನ ಎಂಜಿನ್ ಆಫ್ ಮಾಡಿದ್ದರೂ ಸಾಕಿತ್ತು. ಆದರೆ ಆಫ್ ಮಾಡಿದರೆ ಮತ್ತೆ ಸ್ಟಾರ್ಟ್ ಆಗುವುದಿಲ್ಲವೆಂಬ ಅಪನಂಬಿಕೆ ಮನುಷ್ಯನಿಂದ ಏನೆಲ್ಲ ಮಾಡಿಸುತ್ತದೆ ಎಂಬುದಕ್ಕೆ ನಾನೇ ಸಾಕ್ಷಿ. ಆಫ್ ಮಾಡಲು ಧೈರ್ಯ ಬರುವ ಯಂತ್ರಕ್ಕೆ ಹೆಚ್ಚು ಹಣ ಕೊಡಬಹುದು ಎಂಬುದು ನನ್ನ ಇಂದಿನ ಅಭಿಪ್ರಾಯ.

ನೀವು ಹೋಲಿಸುತ್ತಿರುವ ಸಿಸಿ ಮತ್ತು ತೂಕಗಳಲ್ಲಿ ಆ ಗುಣ ಕಾಣುವುದಿಲ್ಲ. ಹಸ್ಕ್‌ವರ್ನಾ ಟಿ435 ಮತ್ತು ಸ್ಟಿಲ್ ಎಂಎಸ್ 201 ಟಿಸಿ-ಎಂ ಎರಡೂ 35.2 ಸಿಸಿಯವೇ, ಮೊದಲನೆಯದರ ಶಕ್ತಿ 1.5 ಕಿಲೋವ್ಯಾಟ್, ಎರಡನೆಯದರದು 1.8. ಸವರುವ ಕೆಲಸದಲ್ಲಿ ಸಿಗುವ ಕೊಂಬೆಗಳಲ್ಲಿ ಈ ವ್ಯತ್ಯಾಸ ಕೆಲವು ಸೆಕೆಂಡು ಉಳಿಸೀತು, ಅಷ್ಟಕ್ಕಾಗಿ ಹಣ ಸುರಿಯಬೇಡಿ. ಅಗ್ಗದ್ದಾದ ಟಿ435 ಕೆಟ್ಟ ಗರಗಸವೂ ಅಲ್ಲ. ಹೆಚ್ಚಿನ ಬೆಲೆ ಹೋಗುವುದು ಬೇರೆ ಕಡೆ. ಸ್ಟಿಲ್‌ನ ಎಂ-ಟ್ರಾನಿಕ್, ಹಸ್ಕ್‌ವರ್ನಾದ ಆಟೋಟ್ಯೂನ್‌ನಂತಹ ವ್ಯವಸ್ಥೆಗಳು ಎಂಜಿನ್ನಿನ ವೇಗವನ್ನು ಗಮನಿಸುತ್ತ ಇಂಧನದ ಪ್ರಮಾಣವನ್ನು ತಾವೇ ಹೊಂದಿಸುತ್ತವೆ. ಎಲ್, ಎಚ್ ಸ್ಕ್ರೂಗಳ ಕಾಟವೇ ಇಲ್ಲ. ಸಾಮಾನ್ಯವಾಗಿ ಕ್ರ್ಯಾಂಕ್‌ಕೇಸ್ ಮೆಗ್ನೀಸಿಯಮ್ಮಿನದಾಗಿರುತ್ತದೆ. ಅನೇಕ ವೃತ್ತಿಪರ ಮಾದರಿಗಳಲ್ಲಿ ಬಾರ್‌ನ ನಟ್ಟು ಬಿಚ್ಚಿದರೂ ಮುಚ್ಚಳದಲ್ಲಿಯೇ ಉಳಿಯುತ್ತದೆ. ಇದು ಚಿಲ್ಲರೆ ಸಂಗತಿ ಎನಿಸಿದರೆ, ಮರದ ತುದಿಯಲ್ಲಿ ಕಳಚಿದ ಚೈನನ್ನು ಕೂರಿಸುವಾಗ ಕೈಜಾರಿದ ನಟ್ಟನ್ನು ಹುಲ್ಲಿನಲ್ಲಿ ಹುಡುಕಿ ನೋಡಿ. ಇವಕ್ಕೆಲ್ಲ ಒಂದು ಕುಂದೂ ಉಂಟು: ಎಲೆಕ್ಟ್ರಾನಿಕ್ ಭಾಗ ಕೆಟ್ಟರೆ ಸ್ಕ್ರೂಡ್ರೈವರಿನಿಂದ ಏನೂ ಆಗದು, ತಪಾಸಣೆಯ ಉಪಕರಣ ಇರುವ ಸರ್ವಿಸ್ ಕೇಂದ್ರಕ್ಕೇ ಹೋಗಬೇಕು. ಅಂಥದ್ದು ನಿಮಗೆ ದೂರವಿದ್ದರೆ ಆ ಯಂತ್ರದ ಹೆಚ್ಚುಗಾರಿಕೆ ಅರ್ಧ ಕರಗಿತೆಂದೇ ತಿಳಿಯಿರಿ.

ಇಷ್ಟಾಗಿಯೂ ನಿಮ್ಮ ಪ್ರಶ್ನೆಯ ಬುಡದಲ್ಲಿಯೇ ನನಗೊಂದು ತಕರಾರಿದೆ. ಬಿಡುವಿನ ದಿನಗಳಲ್ಲಿ ಕೊಂಬೆ ಸವರುವವರಿಗೆ ಪೆಟ್ರೋಲ್ ಗರಗಸವೇ ಏಕೆ ಬೇಕು? ಮಣಿಕಟ್ಟಿನ ಗಾತ್ರದ ಕೊಂಬೆಗಳನ್ನು ಎಳೆದಾಗ ಕೊಯ್ಯುವ ಬಾಗಿದ ಅಲಗಿನ ಕೈಗರಗಸ ಸಲೀಸಾಗಿ ಕೊಯ್ಯುತ್ತದೆ, ಗಾಯವೂ ನಯವಾಗಿರುತ್ತದೆ, ಎಷ್ಟು ಕೊಯ್ಯಬೇಕೆಂದು ಯೋಚಿಸಲು ಪುರುಸೊತ್ತೂ ಸಿಗುತ್ತದೆ. ಯಂತ್ರ ಕೈಯಲ್ಲಿದ್ದರೆ ಅಗತ್ಯಕ್ಕಿಂತ ಹೆಚ್ಚು ಸವರುತ್ತೇವೆ ಎಂಬುದು ನಾನು ನನ್ನಲ್ಲಿಯೂ ಇತರರಲ್ಲಿಯೂ ಕಂಡದ್ದು. ಅದಕ್ಕೂ ದಪ್ಪದ್ದು ಇದ್ದೇ ಇರುತ್ತದೆ ಎನ್ನುವುದಾದರೆ ಬ್ಯಾಟರಿಯ ಟಾಪ್ ಹ್ಯಾಂಡಲ್ ಗರಗಸ ಕೊಳ್ಳಿ, ಹಿಂಜರಿಯಬೇಡಿ. ಅದಕ್ಕೆ ಐಡ್ಲಿಂಗೇ ಇಲ್ಲ, ಬೆರಳು ಬಿಟ್ಟರೆ ಚೈನ್ ನಿಲ್ಲುತ್ತದೆ, ಮತ್ತೆ ಒತ್ತಿದರೆ ಓಡುತ್ತದೆ. ನನ್ನ ಕಥೆಗೆ ಅದರಲ್ಲಿ ಜಾಗವೇ ಇಲ್ಲ. ಸದ್ದಿಲ್ಲದೆ ಸಿದ್ಧವಾಗಿರುವುದೇ ಅದರ ಅಪಾಯ, ಆದ್ದರಿಂದ ನೇತುಹಾಕುವ ಮುನ್ನ ಬ್ರೇಕ್ ಹಾಕಿ, ಸ್ವಿಚ್ ಆಫ್ ಮಾಡುವುದನ್ನು ಕೈಗೆ ರೂಢಿ ಮಾಡಿಸಿ. ದಿನವಿಡೀ ದಪ್ಪ ಮರ ಕಡಿದಿಳಿಸುವವರಿಗೆ ಬ್ಯಾಟರಿ ಸಾಲದು, ಅವರು ವೃತ್ತಿಪರ ಪೆಟ್ರೋಲ್ ಗರಗಸವನ್ನೇ ಕೊಳ್ಳಬೇಕು. ಅವರಿಗೆ ಅದರ ಬೆಲೆಯೂ ಬೇಗ ಹುಟ್ಟುತ್ತದೆ.

ಯಾವುದನ್ನೇ ಕೊಂಡರೂ ಅದಕ್ಕೆ ಮೊದಲು ಉಕ್ಕಿನ ತಿರುಳಿರುವ ಲ್ಯಾನ್‌ಯಾರ್ಡ್ ಒಂದನ್ನು ಕೊಳ್ಳಿ. ಓಡುವ ಚೈನನ್ನು ಅದು ತಡೆದೇ ತೀರುತ್ತದೆ ಎಂದಲ್ಲ, ಬರಿಯ ಹಗ್ಗಕ್ಕಿಂತ ಹೆಚ್ಚು ಹೊತ್ತು ತಾಳುತ್ತದೆ. ವಿದ್ಯುತ್ ತಂತಿಗಳ ಬಳಿ ಮಾತ್ರ ಅದನ್ನು ಬಳಸಬಾರದು. ಕಾಲನ್ನು ಸುತ್ತಲೂ ಮುಚ್ಚುವ ಟೈಪ್ ಸಿ ರಕ್ಷಣಾ ಪ್ಯಾಂಟು ಬೇಕು. ಕ್ಲಾಸ್ 1 ಎಂದರೆ ಸೆಕೆಂಡಿಗೆ 20 ಮೀಟರ್ ವೇಗದ ಚೈನಿಗೆ ಪರೀಕ್ಷಿಸಿದ್ದು ಎಂದರ್ಥ, ಪೂರ್ತಿ ವೇಗದಲ್ಲಿ ಗರಗಸ ಅದನ್ನು ಮೀರಬಲ್ಲದು. ಟಾಪ್ ಹ್ಯಾಂಡಲ್ ಗರಗಸಗಳಿಗೆ ಐಎಸ್ಒ 11681-2 ಎಂದು ಪ್ರತ್ಯೇಕ ಮಾನದಂಡ ಇರುವುದೂ, ತಯಾರಕರು ಅವನ್ನು ತರಬೇತಾದವರು ಮರದ ಮೇಲೆ ಮಾತ್ರ ಬಳಸಬೇಕೆಂದು ಹೇಳುವುದೂ ಸುಮ್ಮನೆ ಅಲ್ಲ. ಆ ಹಿಡಿಕೆ ಒಂದೇ ಕೈಯಲ್ಲಿ ಕೊಯ್ಯುವಂತೆ ಪುಸಲಾಯಿಸುತ್ತದೆ, ಕಿಕ್‌ಬ್ಯಾಕ್ ಆದರೆ, ಅಂದರೆ ಬಾರ್‌ನ ತುದಿ ತಾಗಿ ಗರಗಸ ಮೈಮೇಲೆ ಚಿಮ್ಮಿದರೆ, ಒಂದು ಕೈಗೆ ಅದನ್ನು ತಡೆಯುವ ಶಕ್ತಿ ಇಲ್ಲ.

ಬಳಸಿದ ವೃತ್ತಿಪರ ಗರಗಸವೊಂದು ಅರ್ಧ ಬೆಲೆಗೆ ಸಿಗುತ್ತಿದೆ, ನೋಡಬಹುದೇ ಎಂದೂ ಕೊನೆಯಲ್ಲಿ ಕೇಳಿದ್ದೀರಿ. ಹೊಸ ಅಗ್ಗದ್ದಕ್ಕಿಂತ ಅದನ್ನು ನಾನು ಮೇಲೆಂದು ಹೇಳುತ್ತೇನೆ, ಆದರೆ ಕೊಳ್ಳುವ ಮುನ್ನ ಸೈಲೆನ್ಸರ್ ಬಿಚ್ಚಿಸಿ ಪಿಸ್ಟನ್ನಿನ ಮೈಮೇಲೆ ಉದ್ದುದ್ದ ಗೀರುಗಳಿವೆಯೇ ಎಂದು ಟಾರ್ಚ್ ಬಿಟ್ಟು ನೋಡಿ. ತಣ್ಣಗಿರುವಾಗ ಸ್ಟಾರ್ಟ್ ಮಾಡಿ, ಬಿಸಿಯಾಗುವ ತನಕ ಬಿಟ್ಟು, ಒಂದೆರಡು ನಿಮಿಷ ಮೂತಿ ಕೆಳಗೆ ಮಾಡಿ ಹಿಡಿದು, ಆಮೇಲೆ ಅಡ್ಡ, ನೆಟ್ಟಗೆ, ಮಗುಚಿ ತಿರುಗಿಸಿ. ಎಂಜಿನ್ ನಿಲ್ಲಬಾರದು, ಚೈನ್ ಅಲುಗಬಾರದು. ನಂತರ ಆಫ್ ಮಾಡಿ, ಬಿಸಿಯಲ್ಲಿಯೇ ಮತ್ತೆ ಸ್ಟಾರ್ಟ್ ಮಾಡಿ ನೋಡಿ. ನೀವು ಹೋಗುವ ಹೊತ್ತಿಗೆ ಮಾರುವವರು ಆಗಲೇ ಬಿಸಿ ಮಾಡಿಟ್ಟಿದ್ದರೆ, ಪೂರ್ತಿ ಆರಿದ ಮೇಲೆ ಬರುತ್ತೇನೆಂದು ಹೇಳಿ ಎದ್ದು ಬನ್ನಿ.