ಚೋಂಗ್‌ಚಿಂಗ್‌ನಲ್ಲಿ ನೆಲ ಹುಡುಕಿದ್ದು

ಚೀನಾದ ದೊಡ್ಡ ನಗರವೊಂದನ್ನು ಮೊದಲ ಸಲ ನೋಡಿದಾಗ ಏನನ್ನಿಸಿತು, ವಿಡಿಯೊಗಳಲ್ಲಿ ಕಾಣುವ ಬೆರಗು ಅಲ್ಲಿ ನಿಜಕ್ಕೂ ಇದೆಯೇ ಎಂದು ಕೇಳಿದ್ದೀರಿ. ನಾನು ನೋಡಿದ್ದು ಚೋಂಗ್‌ಚಿಂಗ್ ಒಂದನ್ನೇ, ಅದೂ ಆರು ದಿನ. ಅಷ್ಟರಿಂದ ಹೇಳಬಲ್ಲದ್ದನ್ನು ಹೇಳುತ್ತೇನೆ.

ಮೊದಲ ಬೆಳಿಗ್ಗೆಯೇ ದಾರಿ ತಪ್ಪಿದೆ. ಹಿಂದಿನ ರಾತ್ರಿ ಟ್ಯಾಕ್ಸಿ ಇಳಿದು, ರಸ್ತೆಯಿಂದ ನೇರವಾಗಿ ವಸತಿಗೃಹದ ಬಾಗಿಲು ಹೊಕ್ಕಿದ್ದೆ. ಲಿಫ್ಟ್‌ನ ಗುಂಡಿ ಒತ್ತಿ ಕೋಣೆಗೆ ಬಿಟ್ಟವಳು ಅಲ್ಲಿನ ಕೆಲಸದ ಹುಡುಗಿ. ನಿದ್ದೆಗಣ್ಣಿನಲ್ಲಿದ್ದ ನಾನು ಏನನ್ನೂ ಗಮನಿಸಿರಲಿಲ್ಲ. ಬೆಳಿಗ್ಗೆ ಹೊರಗೆ ಹೋಗಲು 1 ಎಂಬ ಗುಂಡಿ ಒತ್ತಿದೆ. ಇಳಿದಾಗ ಸಿಕ್ಕಿದ್ದು ಬೇರೆಯೇ ರಸ್ತೆ. ತರಕಾರಿ ಮಾರುವವರು, ನೂಡಲ್ಸ್ ಅಂಗಡಿಯ ಮುಂದೆ ಪ್ಲಾಸ್ಟಿಕ್ ಸ್ಟೂಲುಗಳು, ತಲೆಯ ಮೇಲೊಂದು ಸೇತುವೆ. ರಾತ್ರಿಯ ರಸ್ತೆ ಎಲ್ಲಿ ಹೋಯಿತು? ಮೊಬೈಲಿನ ನಕ್ಷೆ ಮಾತ್ರ ನಾನು ಅಲ್ಲೇ ನಿಂತಿದ್ದೇನೆ ಎನ್ನುತ್ತಿತ್ತು. ತರಕಾರಿ ಚೀಲ ಹಿಡಿದಿದ್ದ ಅಜ್ಜಿಯೊಬ್ಬರಿಗೆ ವಸತಿಗೃಹದ ಚೀಟಿ ತೋರಿಸಿದೆ. ಅವರು ನನ್ನ ತೋಳು ಹಿಡಿದು ಅದೇ ಲಿಫ್ಟಿಗೆ ಕರೆದೊಯ್ದು 11 ಒತ್ತಿದರು. ಬಾಗಿಲು ತೆರೆದಾಗ ಎದುರಿಗೆ ರಾತ್ರಿ ಕಂಡ ರಸ್ತೆ, ಬಸ್ಸು, ಮರಗಳು. ನಾನು ಆ ಕಟ್ಟಡವನ್ನು ಹೊಕ್ಕಿದ್ದು ಹನ್ನೊಂದನೆಯ ಮಹಡಿಯಿಂದ.

ಯಾಂಗ್ಟ್ಸಿ ಮತ್ತು ಜ್ಯಾಲಿಂಗ್ ನದಿಗಳು ಕೂಡುವಲ್ಲಿ, ಕಡಿದಾದ ಗುಡ್ಡಗಳ ಮೇಲೆ ಬೆಳೆದ ಊರು ಇದು. ಗುಡ್ಡಕ್ಕೆ ಒರಗಿ ನಿಂತ ಕಟ್ಟಡಕ್ಕೆ ಎರಡು ನೆಲ: ಹೊಳೆಯ ಕಡೆ ಒಂದು, ಮೇಲಿನ ರಸ್ತೆಯ ಕಡೆ ಇನ್ನೊಂದು. ನಕ್ಷೆಯಲ್ಲಿ ಐವತ್ತು ಮೀಟರ್ ದೂರ ಎಂದಿರುವ ಅಂಗಡಿ ನಿಮ್ಮ ಕಾಲಿನಡಿ ಹತ್ತು ಮಹಡಿ ಕೆಳಗಿರಬಹುದು. ನೀವು ವಿಡಿಯೊಗಳಲ್ಲಿ ಕಂಡಿರಬಹುದಾದ ಹೊಂಗ್ಯಾದೊಂಗ್ ಕಟ್ಟಡವೂ ಹಾಗೆಯೇ; ಹನ್ನೊಂದು ಮಹಡಿಗಳ ಅದರ ಬುಡದಲ್ಲಿ ಒಂದು ರಸ್ತೆ, ನೆತ್ತಿಯಲ್ಲಿ ಇನ್ನೊಂದು. ಅಲ್ಲಿ ರಾತ್ರಿ ಕಾಲಿಡಲು ಜಾಗವಿರುವುದಿಲ್ಲ, ದೂರದಿಂದ ನೋಡಿದರೆ ಸಾಕು.

ಲೀಜಿಬಾ ನಿಲ್ದಾಣಕ್ಕೆ ಮಾತ್ರ ಹೋಗಲೇಬೇಕು. ಹತ್ತೊಂಬತ್ತು ಮಹಡಿಗಳ ಕಟ್ಟಡವೊಂದರ ಆರರಿಂದ ಎಂಟನೆಯ ಮಹಡಿಯವರೆಗೆ ಮೆಟ್ರೊ ನಿಲ್ದಾಣವಿದೆ, ಮೇಲೆ ಜನ ವಾಸಿಸುತ್ತಾರೆ. ಇದ್ದ ಮನೆಗಳನ್ನು ಕೊರೆದು ರೈಲು ಬಿಟ್ಟಿದ್ದಾರೆ ಎಂಬ ಮಾತು ತಪ್ಪು. ಎರಡನ್ನೂ ಒಟ್ಟಿಗೇ ಯೋಜಿಸಿ ಕಟ್ಟಿದ್ದಾರೆ. ಹಳಿಯನ್ನು ಹೊತ್ತ ಕಂಬಗಳು ಕಟ್ಟಡಕ್ಕೆ ತಾಗುವುದಿಲ್ಲ, ಹಾಗಾಗಿ ರೈಲಿನ ನಡುಕ ಮನೆಗಳಿಗೆ ಏರುವುದಿಲ್ಲ. ರಬ್ಬರ್ ಗಾಲಿಯ ಮಾನೊರೈಲ್ ಆದ್ದರಿಂದ ಸದ್ದೂ ಕಡಿಮೆ. ಕೆಳಗೆ ನೂರಾರು ಜನ ಮೊಬೈಲ್ ಎತ್ತಿ ನಿಂತಿರುತ್ತಾರೆ. ಒಳಗೆ ಅದು ಬರಿಯ ಒಂದು ನಿಲ್ದಾಣ, ಶಾಲೆಯ ಮಕ್ಕಳು ಚೀಲ ಹೊತ್ತು ಇಳಿದು ಹೋಗುತ್ತಾರೆ.

ಇದಕ್ಕಿಂತ ನನ್ನ ಮನಸ್ಸು ತುಂಬಿದ್ದು ಲ್ಯಾಂಗ್‌ಲುಕೊವಿನ ಎಸ್ಕಲೇಟರ್. 1996ರದ್ದು, 112 ಮೀಟರ್ ಉದ್ದ, ಎರಡು ಯುವಾನ್ ಟಿಕೆಟ್. ಮಂಡಿ ನೋವಿನ ಮುದುಕರೂ ಗುಡ್ಡ ಹತ್ತಬೇಕಲ್ಲ ಎಂದು ಯೋಚಿಸಿ, ಮೆಟ್ಟಿಲನ್ನೇ ಬಸ್ಸಿನಂತೆ ಓಡಿಸಿದ ನಗರದ ಬಗ್ಗೆ ನನಗೆ ಗೌರವ ಹುಟ್ಟಿತು. ಆದರೆ ಚಾವೊಟಿಯಾನ್‌ಮೆನ್ ಕಡೆಯ ಕಲ್ಲು ಮೆಟ್ಟಿಲುಗಳಲ್ಲಿ ಬಿದಿರಿನ ಕಾವಡಿ ಹೊತ್ತ ಹಮಾಲರೂ ಇನ್ನೂ ಕಾಣುತ್ತಾರೆ. ಅವರನ್ನು ಬಾಂಗ್‌ಬಾಂಗ್ ಎನ್ನುತ್ತಾರೆ. ನಾನು ಕಂಡವರಲ್ಲಿ ಯಾರೂ ತರುಣರಲ್ಲ.

ಮೂರು ಕೋಟಿ ಜನರ, ಜಗತ್ತಿನ ಅತಿ ದೊಡ್ಡ ನಗರ ಎಂದು ಎಲ್ಲೆಡೆ ಓದುತ್ತೀರಿ. ಆ ಲೆಕ್ಕ ಇಡೀ ಆಡಳಿತ ಪ್ರದೇಶದ್ದು. ಅದರ ವಿಸ್ತೀರ್ಣ ಕರ್ನಾಟಕದ ಅರ್ಧಕ್ಕೆ ತುಸು ಕಡಿಮೆ, ಹೊಲಗದ್ದೆ, ಹಳ್ಳಿಗಳೆಲ್ಲ ಅದರಲ್ಲಿ ಸೇರಿವೆ.

ಊಟದ ಮಾತು. ಬೆಳಗಿನ ನೂಡಲ್ಸ್‌ನ ಮೊದಲ ತುತ್ತಿಗೇ ನಾಲಿಗೆ ಜುಮ್ಮೆಂದಿತು, ನನಗೆ ಕುಮಟೆಯ ಅಡುಗೆಮನೆ ನೆನಪಾಯಿತು. ಅಜ್ಜಿ ಬಂಗಡೆ ಸಾರಿಗೆ ಹಾಕುತ್ತಿದ್ದ ಜುಮ್ಮನಕಾಯಿ, ಕೊಂಕಣಿಯ ತೆಪ್ಪಳ! ನಾಲಿಗೆ ಜುಮ್ಮೆನಿಸುವ ಅವರ ಮಸಾಲೆ ಕಾಳು ಹ್ವಾಜ್ಯಾವ್ ನಮ್ಮ ಜುಮ್ಮನಕಾಯಿಯ ಹತ್ತಿರದ ನೆಂಟ, ಒಂದೇ ಕುಲದ ಗಿಡ. ನೀವು ಸಸ್ಯಾಹಾರಿಯಾದರೆ ಎಚ್ಚರ: ಮೇಜಿನ ಮೇಲೆ ಕುದಿಯುವ ಸಾರಿನಲ್ಲಿ ಬೇಕಾದ್ದನ್ನು ಬೇಯಿಸಿ ತಿನ್ನುವ ಇಲ್ಲಿನ ಕೆಂಪು ಹಾಟ್‌ಪಾಟ್‌ಗೆ ದನದ ಕೊಬ್ಬನ್ನೇ ಬಳಸುವುದು ವಾಡಿಕೆ, ಅದರಲ್ಲಿ ಬರಿಯ ಸೊಪ್ಪು ಬೇಯಿಸಿದರೂ ಪ್ರಯೋಜನವಿಲ್ಲ. ಅಣಬೆಯ ಸಾರು ಬೇರೆಯಾಗಿ ಕೇಳಿ. ‘ವೊ ಚಿ ಸು’ ಎಂದರೆ ಸಸ್ಯಾಹಾರಿ ಎಂದು ತಿಳಿಯುತ್ತದೆ. ಹಣ ಕೊಡಲು ಅಲಿಪೇ ಎಂಬ ಆ್ಯಪ್ ಅನ್ನು ಮೊಬೈಲಿಗೆ ಮೊದಲೇ ಹಾಕಿಕೊಂಡು ಹೋಗಿ.

ಕೊನೆಯ ರಾತ್ರಿ ಹಾಟ್‌ಪಾಟ್ ತಿಂದದ್ದು ಗುಡ್ಡದೊಳಗೆ ಕೊರೆದ ಸುರಂಗದಂಥ ಹೋಟೆಲಿನಲ್ಲಿ. ತಂಪಾಗಿದೆ, ಚೆನ್ನಾಗಿದೆ ಎಂದುಕೊಂಡು ಕೂತಿದ್ದೆ. ಇದೇನು ಎಂದು ಬಡಿಸುವವನನ್ನು ಅನುವಾದದ ಆ್ಯಪ್ ಹಿಡಿದು ಕೇಳಿದಾಗ, ಬಾಂಬಿನಿಂದ ಅಡಗುವ ಜಾಗ ಎಂಬ ಉತ್ತರ ಬಂತು. ಜಪಾನಿನೊಂದಿಗಿನ ಯುದ್ಧಕಾಲದಲ್ಲಿ ಈ ನಗರ ಚೀನಾದ ರಾಜಧಾನಿಯಾಗಿತ್ತು. ಜಪಾನಿನ ವಿಮಾನಗಳು 1938ರಿಂದ 1943ರವರೆಗೆ ಇದರ ಮೇಲೆ ಬಾಂಬು ಸುರಿದವು. 1941ರ ಜೂನ್ 5ರ ರಾತ್ರಿ ಒಂದು ದೊಡ್ಡ ಸುರಂಗದಲ್ಲಿ ಜನ ಹೊರಬರಲಾಗದೆ, ಉಸಿರುಗಟ್ಟಿ, ಕಾಲ್ತುಳಿತಕ್ಕೆ ಸಿಕ್ಕಿ ಸತ್ತರು. ಅದರ ಸ್ಮಾರಕವನ್ನು ಅದೇ ದಿನ ಮಧ್ಯಾಹ್ನ ನೋಡಿ ಬಂದಿದ್ದೆ, ಎರಡನ್ನೂ ಕೂಡಿಸಿ ನೋಡಿರಲಿಲ್ಲ. ಗೋಡೆಯ ಕಲ್ಲನ್ನು ಮುಟ್ಟಿದೆ, ನೀರು ಜಿನುಗುತ್ತಿತ್ತು. ಪಕ್ಕದ ಮೇಜಿನಲ್ಲಿ ಯಾರದೋ ಮಗುವಿನ ಹುಟ್ಟುಹಬ್ಬ. ಬಡಿಸುವವನು ದೀಪ ಆರಿಸಿದ, ಮಗು ಮೇಣದಬತ್ತಿ ಊದಿತು, ನಾವೆಲ್ಲರೂ ಚಪ್ಪಾಳೆ ತಟ್ಟಿದೆವು.